ಮಾತು ಕೈಕೊಟ್ಟವನ ರಂಗಭೂಮಿ: ಆರ್ತೊನನ್ನು ಓದುವ ಬಗೆ

ನಾಟಕದ ಬಗ್ಗೆ ಪುಸ್ತಕ ಅಂತ ಕೈಗೆತ್ತಿಕೊಂಡಿದ್ದೆ. ಮುನ್ನುಡಿ ದಾಟಿದ ಕೂಡಲೇ ಸಿಕ್ಕಿದ್ದು ಪ್ಲೇಗು.

1720ನೇ ಇಸವಿ. ಸಾರ್ಡಿನಿಯಾ ದ್ವೀಪವನ್ನು ಆಳುತ್ತಿದ್ದ ರಾಜಪ್ರತಿನಿಧಿಗೆ ಒಂದು ಕೆಟ್ಟ ಕನಸು ಬೀಳುತ್ತದೆ. ತನಗೂ ತನ್ನ ನಾಡಿಗೂ ಪ್ಲೇಗು ಬಡಿದ ಹಾಗೆ. ಸ್ವಲ್ಪ ದಿನಕ್ಕೆ ಒಂದು ಹಡಗು ಬಂದು ದಡ ಸೇರಲು ಅಪ್ಪಣೆ ಕೇಳುತ್ತದೆ. ಆತ ಸುತಾರಾಂ ಒಪ್ಪುವುದಿಲ್ಲ. ತಿರುಗಿ ಹೋಗದಿದ್ದರೆ ಗುಂಡು ಹೊಡೆದು ಮುಳುಗಿಸುತ್ತೇನೆ ಅನ್ನುತ್ತಾನೆ. ಸುತ್ತಲಿನವರು ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಡಗು ಮುಂದೆ ಮಾರ್ಸೇಲ್ಸ್‌ಗೆ ಹೋಗುತ್ತದೆ. ಅಲ್ಲಿ ಪ್ಲೇಗು ಸಿಡಿಯುತ್ತದೆ.

ಇದಾದ ಮೇಲೆ ಹೆಣಗಳು, ಬಾವುಗಳು, ಬೀದಿಯಲ್ಲಿ ಉರಿಯುವ ಚಿತೆಗಳು. ನಾಟಕ ಎಲ್ಲಿ ಅಂತ ಹುಡುಕುತ್ತಾ ಹೋದೆ. ಸಿಗಲಿಲ್ಲ. ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆದದ್ದು ಎರಡು ವರ್ಷದ ಮೇಲೆ.

ಪುಸ್ತಕ ಆಂತೊನಿನ್ ಆರ್ತೊನದು. ಫ್ರೆಂಚಿನ ಹೆಸರನ್ನು ಕನ್ನಡಕ್ಕೆ ತಂದರೆ ‘ರಂಗಭೂಮಿ ಮತ್ತು ಅದರ ಅವಳಿ’ ಅನ್ನಬಹುದು. 1938ರಲ್ಲಿ ಪ್ಯಾರಿಸ್ಸಿನ ಗಲ್ಲಿಮಾರ್ ಪ್ರಕಾಶನದಿಂದ ಬಂತು. ಮೊದಲ ಮುದ್ರಣ ಬರೀ 400 ಪ್ರತಿ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಹೊರಟ ಪುಸ್ತಕ ಇಪ್ಪತ್ತನೇ ಶತಮಾನದ ಪ್ರಯೋಗಶೀಲ ರಂಗಭೂಮಿಯ ದಿಕ್ಕನ್ನೇ ತಿರುಗಿಸಿತು. ‘ಕ್ರೌರ್ಯದ ರಂಗಭೂಮಿ’ ಎಂಬ ಮಾತನ್ನು ನೀವು ಎಲ್ಲಾದರೂ ಕೇಳಿದ್ದರೆ, ಅದು ಹುಟ್ಟಿದ್ದು ಇಲ್ಲಿ.

ಜಾಸ್ತಿ ಜನ ಈ ಪುಸ್ತಕದಲ್ಲಿ ಎಡವುವುದು ಯಾಕೆ ಅಂದರೆ, ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಿದ್ಧಾಂತದ ಪುಸ್ತಕದಂತೆ ಓದಲು ಹೊರಡುತ್ತಾರೆ. ಇದು ಹಾಗೆ ಕಟ್ಟಿದ ಪುಸ್ತಕವಲ್ಲ. ಐದಾರು ವರ್ಷಗಳಲ್ಲಿ ಬರೆದ ಪ್ರಬಂಧ, ಉಪನ್ಯಾಸ, ಪ್ರಣಾಳಿಕೆ, ಕಾಗದಗಳನ್ನು ಒಟ್ಟುಗೂಡಿಸಿದ ಕಟ್ಟು. ನನ್ನ ಅನುಭವದಲ್ಲಿ ಇದರ ಬಾಗಿಲು ಇದರೊಳಗೇ ಇಲ್ಲ. ಅದು ಇರುವುದು ಆರ್ತೊ ಇಪ್ಪತ್ತಾರು, ಇಪ್ಪತ್ತೇಳರ ಹರೆಯದಲ್ಲಿ ಬರೆದ ಕೆಲವು ಕಾಗದಗಳಲ್ಲಿ.

ಆರ್ತೊ ಹುಟ್ಟಿದ್ದು 1896ರಲ್ಲಿ, ಅದೇ ಮಾರ್ಸೇಲ್ಸ್‌ನಲ್ಲಿ. ಚಿಕ್ಕಂದಿನಿಂದಲೂ ಕಾಯಿಲೆ. ನೋವಿಗೆ ಅಂತ ಶುರುವಾದ ಅಫೀಮಿನ ಔಷಧಿ ಕೊನೆಯವರೆಗೂ ಬಿಡಲಿಲ್ಲ. 1920ರಲ್ಲಿ ಪ್ಯಾರಿಸ್ಸಿಗೆ ಬಂದ. ನಾಟಕಗಳಲ್ಲಿ, ಸಿನಿಮಾಗಳಲ್ಲಿ ನಟಿಸಿದ. ಡೆನ್ಮಾರ್ಕಿನ ನಿರ್ದೇಶಕ ಡ್ರೈಯರ್‌ನ ‘ಜೋನ್ ಆಫ್ ಆರ್ಕ್’ ಚಿತ್ರದಲ್ಲಿ ಜೋನಳ ಬಗ್ಗೆ ಮರುಗುವ ಆ ಎಳೆಯ ಸನ್ಯಾಸಿ ಇವನೇ. ಆ ಮುಖವನ್ನು ಒಮ್ಮೆ ನೋಡಿದರೆ ಮರೆಯುವುದು ಕಷ್ಟ.

1923ರಲ್ಲಿ ಆರ್ತೊ ಕೆಲವು ಪದ್ಯಗಳನ್ನು ಒಂದು ದೊಡ್ಡ ಸಾಹಿತ್ಯ ಪತ್ರಿಕೆಗೆ ಕಳಿಸಿದ. ಸಂಪಾದಕ ಜಾಕ್ ರಿವಿಯೇರ್ ಮರ್ಯಾದೆಯಿಂದಲೇ ವಾಪಸ್ ಮಾಡಿದ. ಸಾಮಾನ್ಯವಾಗಿ ಕತೆ ಅಲ್ಲಿಗೆ ಮುಗಿಯಬೇಕು, ಅಲ್ವಾ? ಆರ್ತೊ ಮಾತ್ರ ಮರಳಿ ಕಾಗದ ಬರೆದ. ನನ್ನ ಪದ್ಯಗಳಲ್ಲಿ ಕುಂದು ಇದೆ ಅಂತ ನನಗೂ ಗೊತ್ತು. ಆದರೆ ಆ ಕುಂದು ಕಸುಬಿನದಲ್ಲ, ನನ್ನ ಮನಸ್ಸಿನ ಕಾಯಿಲೆಯದು. ಒಂದು ಯೋಚನೆ ಬರುತ್ತದೆ, ಅದನ್ನು ಮಾತಿಗೆ ತರುವಷ್ಟರಲ್ಲಿ ಏನೋ ಒಂದು ಅದನ್ನು ನನ್ನಿಂದ ಕಿತ್ತುಕೊಳ್ಳುತ್ತದೆ. ಹಾಗೆ ಉಳಿದ ಚೂರುಗಳೇ ಈ ಪದ್ಯಗಳು. ಇವಕ್ಕೆ ಇರುವ ಹಕ್ಕಿದೆಯೋ ಇಲ್ಲವೋ ಹೇಳಿ. ಅವನ ಕೇಳಿಕೆಯ ಸಾರಾಂಶ ಇದು.

ರಿವಿಯೇರ್‌ಗೆ ಪದ್ಯಗಳಿಗಿಂತ ಈ ಕಾಗದಗಳೇ ದೊಡ್ಡವು ಅನ್ನಿಸಿತು. ಅವುಗಳನ್ನೇ ಅಚ್ಚು ಹಾಕೋಣ ಅಂದ. ಹೆಸರುಗಳನ್ನು ಬದಲಾಯಿಸಿ ಕಾದಂಬರಿಯ ತರಹ ಮಾಡಬಹುದು ಎಂಬ ಸಲಹೆಯೂ ಕೊಟ್ಟ. ಆರ್ತೊ ಒಪ್ಪಲಿಲ್ಲ. ಬದುಕಿನ ಕೂಗನ್ನು ಸಾಹಿತ್ಯ ಅಂತ ಯಾಕೆ ಸುಳ್ಳು ಮಾಡಬೇಕು ಅಂದ. 1924ರಲ್ಲಿ ಅವು ಇದ್ದ ಹಾಗೆಯೇ ಪ್ರಕಟವಾದವು.

ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಇವನ್ನೇ. ಸಣ್ಣ ಗಾತ್ರ. ಒಂದು ಸಂಜೆಗೆ ಮುಗಿಯುತ್ತದೆ. ಒಮ್ಮೆ ಓದಿದರೆ ಮುಂದಿನದಕ್ಕೆಲ್ಲ ಬೀಗದ ಕೈ ಸಿಕ್ಕಿದ ಹಾಗೆ. ಹತ್ತು ವರ್ಷದ ನಂತರ ಇದೇ ಮನುಷ್ಯ ‘ರಂಗದ ಮೇಲೆ ಮಾತಿನ ದರ್ಬಾರು ನಿಲ್ಲಬೇಕು’ ಅಂತ ಬರೆದಾಗ, ಅದು ಕಲೆಯ ಬಗ್ಗೆ ಸುಮ್ನೆ ತಳೆದ ನಿಲುವಲ್ಲ ಅಂತ ಗೊತ್ತಾಗುತ್ತದೆ. ಮಾತು ಅವನಿಗೆ ನಿಜವಾಗಿ ಕೈಕೊಟ್ಟಿತ್ತು. ಒಳಗೆ ಇರುವುದು ಹೊರಗೆ ಬರುವ ಬೇರೊಂದು ದಾರಿ ಅವನಿಗೆ ಬೇಕಿತ್ತು. ಮೈ, ಉಸಿರು, ಸದ್ದು, ಬೆಳಕು, ಜಾಗ. ಆ ದಾರಿಗೆ ಅವನು ರಂಗಭೂಮಿ ಅಂತ ಹೆಸರಿಟ್ಟ.

ಈಗ ಪ್ಲೇಗಿಗೆ ಮರಳೋಣ. ಆ ಪ್ರಬಂಧದಲ್ಲಿರುವ ವೈದ್ಯಕೀಯ ಹೆಚ್ಚಿನದು ತಪ್ಪು. ಪ್ಲೇಗು ರೋಗಾಣುವಿನಿಂದ ಹರಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆ ರೋಗಾಣುವನ್ನು ಅಲೆಕ್ಸಾಂದ್ರ್ ಯೆರ್ಸಿನ್ 1894ರಲ್ಲೇ ಗುರುತಿಸಿದ್ದ. ಆರ್ತೊ ಅವನ ಹೆಸರನ್ನೂ ಹೇಳುತ್ತಾನೆ, ಆದರೂ ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ಪ್ಲೇಗು ಮುಖ್ಯವಾಗಿ ಕೆಡಿಸುವುದು ಮಿದುಳು ಮತ್ತು ಶ್ವಾಸಕೋಶವನ್ನು ಅನ್ನುತ್ತಾನೆ. ಯಾಕೆ ಇವೆರಡೇ? ಯೋಚನೆ ಮತ್ತು ಉಸಿರು, ಇವೆರಡೂ ನಮ್ಮ ಇಚ್ಛೆಗೆ ಸ್ವಲ್ಪವಾದರೂ ಬಗ್ಗುತ್ತವೆ. ಬೇಕೆಂದರೆ ಉಸಿರು ಬಿಗಿ ಹಿಡಿಯಬಹುದು, ಬೇಗ ಬೇಗ ಬಿಡಬಹುದು. ಅವನ ಕಣ್ಣು ಇದ್ದದ್ದು ರೋಗಿಯ ಮೇಲಲ್ಲ, ನಟನ ಮೇಲೆ.

ಪ್ಲೇಗು ಬಿದ್ದ ಊರಿನಲ್ಲಿ ಕಟ್ಟುಪಾಡೆಲ್ಲ ಕಳಚಿ ಬೀಳುತ್ತದೆ. ಜಿಪುಣ ತನ್ನ ಚಿನ್ನವನ್ನು ಕಿಟಕಿಯಿಂದ ಬೀದಿಗೆ ಎಸೆಯುತ್ತಾನೆ. ಅಪ್ಪನ ಮಾತು ಮೀರದ ಮಗ ಅಪ್ಪನನ್ನೇ ಕೊಲ್ಲುತ್ತಾನೆ. ಯಾವ ಲಾಭವೂ ಇಲ್ಲದೆ ಜನ ಏನೇನೋ ಮಾಡುತ್ತಾರೆ. ಆರ್ತೊನ ಪ್ರಕಾರ ರಂಗಭೂಮಿ ಹುಟ್ಟುವುದು ಆ ಗಳಿಗೆಯಲ್ಲಿ: ಒಳಗೆ ಅದುಮಿಟ್ಟದ್ದು ಲಾಭ ನಷ್ಟದ ಲೆಕ್ಕವಿಲ್ಲದೆ ಹೊರಬಿದ್ದಾಗ. ಒಂದೇ ವ್ಯತ್ಯಾಸ. ಪ್ಲೇಗು ಬಡಿದ ಕೊಲೆಗಾರನ ಆವೇಶ ಕೊಲೆಯಲ್ಲಿ ಖರ್ಚಾಗಿ ಹೋಗುತ್ತದೆ. ನಟನ ಆವೇಶ ಖರ್ಚಾಗುವುದಿಲ್ಲ. ಅದು ರೂಪವಾಗಿ ನಿಲ್ಲುತ್ತದೆ, ನೋಡುವವರಿಗೆ ಅಂಟುತ್ತದೆ.

1933ರ ಏಪ್ರಿಲ್‌ನಲ್ಲಿ ಇದನ್ನೇ ಅವನು ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸವಾಗಿ ಕೊಟ್ಟ. ಲೇಖಕಿ ಅನಾಯಿಸ್ ನಿನ್ ಅಂದು ಸಭೆಯಲ್ಲಿದ್ದಳು, ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಓದುತ್ತಾ ಓದುತ್ತಾ ಆರ್ತೊ ಪ್ಲೇಗಿನಿಂದ ಸಾಯುವವನನ್ನು ಅಭಿನಯಿಸಲು ಶುರು ಮಾಡಿದನಂತೆ. ಕಣ್ಣು ಅಗಲ, ಬೆರಳು ಸೆಟೆದು, ಗಂಟಲು ಒಣಗಿ. ಜನ ಮೊದಲು ದಂಗಾದರು. ಆಮೇಲೆ ನಕ್ಕರು. ಆಮೇಲೆ ಬಾಗಿಲು ಧಡಾರನೆ ಹಾಕಿ ಎದ್ದು ಹೋದರು. ಅವನು ನಿಲ್ಲಿಸಲಿಲ್ಲ. ಕಡೆಗೆ ಉಳಿದದ್ದು ನಾಲ್ಕಾರು ಗೆಳೆಯರು. ಅವರಿಗೆ ಪ್ಲೇಗಿನ ಬಗ್ಗೆ ಉಪನ್ಯಾಸ ಬೇಕು, ನಾನು ಪ್ಲೇಗನ್ನೇ ಕೊಡಲು ಹೊರಟೆ ಎಂಬ ಅರ್ಥದ ಮಾತನ್ನು ಅವಳ ಹತ್ತಿರ ಆಡಿದ. ಅವನ ಬರಹವನ್ನು ಓದುವವರಿಗೂ ಇದೇ ಸೂಚನೆ. ಅವನ ಪುಟದಲ್ಲಿ ವಾದಕ್ಕಿಂತ ಅಭಿನಯ ಜಾಸ್ತಿ. ವಾದ ಹುಡುಕಿದರೆ ತೂತುಗಳೇ ಕಾಣುತ್ತವೆ. ಎರಡನೇ ಸಲ ನಾನು ಅದನ್ನು ಗಟ್ಟಿಯಾಗಿ, ನಿಂತುಕೊಂಡು ಓದಿದೆ. ಉದ್ದುದ್ದ ವಾಕ್ಯಗಳು ಉಸಿರು ಮುಗಿಯುವ ತನಕ ಎಳೆದುಕೊಂಡು ಹೋಗುತ್ತವೆ. ಕಣ್ಣಿಗೆ ಗೋಜಲಾಗಿ ಕಂಡದ್ದು ಬಾಯಿಗೆ ಸಲೀಸಾಗಿ ಬಂತು.

ಇನ್ನು ‘ಕ್ರೌರ್ಯ’. ಆರ್ತೊನ ಬಗ್ಗೆ ಇರುವ ತಪ್ಪು ತಿಳಿವಳಿಕೆಯಲ್ಲಿ ಮುಕ್ಕಾಲು ಪಾಲು ಈ ಒಂದು ಪದದಿಂದ ಬಂದದ್ದು. ರಂಗದ ಮೇಲೆ ರಕ್ತ ಚೆಲ್ಲಿ, ಕಿರುಚಾಡಿ, ಪ್ರೇಕ್ಷಕರನ್ನು ಹೆದರಿಸಿ ‘ಇದು ಆರ್ತೊ’ ಅನ್ನುವವರು ಇವತ್ತಿಗೂ ಇದ್ದಾರೆ. ಅವನು ಬದುಕಿದ್ದಾಗಲೇ ಈ ಗೊಂದಲ ಶುರುವಾಗಿತ್ತು. 1932ರಲ್ಲಿ ಕ್ರೌರ್ಯದ ರಂಗಭೂಮಿಯ ಮೊದಲ ಪ್ರಣಾಳಿಕೆ ಬಂದ ಆಸುಪಾಸಿನಲ್ಲೇ ಅವನು ಕಾಗದ ಬರೆದು ತಿಳಿಹೇಳಬೇಕಾಯಿತು. ಆ ಕಾಗದಗಳು ಪುಸ್ತಕದಲ್ಲೇ ಇವೆ. ಕ್ರೌರ್ಯ ಅಂದರೆ ರಕ್ತವೂ ಅಲ್ಲ, ಇನ್ನೊಬ್ಬರನ್ನು ಹಿಂಸಿಸುವುದೂ ಅಲ್ಲ ಅನ್ನುತ್ತಾನೆ. ಬಿಗಿ, ಪಟ್ಟು, ಹಿಂದೆ ಸರಿಯದ ನಿರ್ಧಾರ. ಹಸಿವಿನಂತೆ, ಹುಟ್ಟು ಸಾವಿನಂತೆ ಬದುಕಿನಲ್ಲಿ ತಪ್ಪಿಸಿಕೊಳ್ಳಲಾಗದ್ದು ಏನಿದೆಯೋ ಅದಕ್ಕೆ ಕಣ್ಣು ತೆರೆದು ಒಪ್ಪಿಸಿಕೊಳ್ಳುವುದು. ಈ ಕ್ರೌರ್ಯಕ್ಕೆ ಮೊದಲು ಗುರಿಯಾಗುವವನು ಅದನ್ನು ಆಡುವವನೇ.

ಕನ್ನಡದಲ್ಲಿ ನಮಗೆ ಇದಕ್ಕೆ ಒಳ್ಳೆಯ ಪದ ಇದೆ: ನಿಷ್ಠುರ. ‘ಅವರು ನಿಷ್ಠುರದ ಮನುಷ್ಯ’ ಅಂದರೆ ಕೆಟ್ಟವರು ಅಂತಲ್ಲ. ದಾಕ್ಷಿಣ್ಯಕ್ಕೆ ಬಗ್ಗದವರು, ಹೇಳಬೇಕಾದ್ದನ್ನು ಹೇಳಿಯೇ ತೀರುವವರು. ಕೇಳುವವರಿಗೆ ನೋವಾಗುತ್ತದೆ, ಹೇಳುವವರಿಗೂ ಸುಖ ಏನಿಲ್ಲ. ಆರ್ತೊನ ಪುಟದಲ್ಲಿ ‘ಕ್ರೌರ್ಯ’ ಬಂದ ಕಡೆಯೆಲ್ಲ ‘ನಿಷ್ಠುರ’ ಅಂತ ಓದಿಕೊಳ್ಳಿ. ಅರ್ಧ ಮಂಜು ಸರಿಯುತ್ತದೆ. ಹಾಗಂತ ಅವನು ಬೇರೆ ಪದ ಬಳಸಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಬೆಚ್ಚಿಬೀಳಿಸುವ ಪದವೇ ಅವನಿಗೆ ಬೇಕಿತ್ತು.

ಹೆಸರಿನಲ್ಲಿರುವ ‘ಅವಳಿ’ಯ ಬಗ್ಗೆಯೂ ಒಂದು ಮಾತು. ಈ ಹೆಸರು ಅವನಿಗೆ ಹೊಳೆದದ್ದು 1936ರ ಜನವರಿಯಲ್ಲಿ, ಮೆಕ್ಸಿಕೋಗೆ ಹೋಗುವ ಹಡಗಿನಲ್ಲಿ. ಅಲ್ಲಿಂದಲೇ ಸಂಪಾದಕ ಜಾನ್ ಪೊಲಾನ್‌ಗೆ ಬರೆದು ತಿಳಿಸಿದ. ಫ್ರೆಂಚಿನ ಆ ಪದವನ್ನು ಮೊದಲು ನಾನು ‘ಪಡಿಯಚ್ಚು’ ಅಂತ ಗುರುತು ಹಾಕಿಕೊಂಡಿದ್ದೆ. ತಪ್ಪಾಗಿತ್ತು. ಪಡಿಯಚ್ಚು ಅಂದ ಕೂಡಲೇ ಒಂದು ಅಸಲು, ಒಂದು ನಕಲು. ಬದುಕು ಅಸಲು, ನಾಟಕ ಅದರ ನಕಲು ಎಂಬ ಹಳೆಯ ಲೆಕ್ಕಕ್ಕೇ ಅದು ನಮ್ಮನ್ನು ಕರೆದೊಯ್ಯುತ್ತದೆ. ಆರ್ತೊ ಹೇಳುವುದು ಬೇರೆ: ನಾಟಕ ಬದುಕಿನ ಅವಳಿಯಾದರೆ, ಬದುಕು ನಿಜವಾದ ನಾಟಕದ ಅವಳಿ. ಅವಳಿಗಳಲ್ಲಿ ಯಾರೂ ಯಾರ ನಕಲೂ ಅಲ್ಲ. ಪುಸ್ತಕದ ಒಳಗೆ ಪ್ಲೇಗು, ಕ್ರೌರ್ಯ, ರಸವಿದ್ಯೆ ಅಂತ ಒಂದೊಂದಾಗಿ ಬರುವುದು ಈ ಅವಳಿಗಳೇ. ರಂಗಭೂಮಿಯ ಪಕ್ಕಕ್ಕೆ ಅವನು ಒಂದೊಂದನ್ನೇ ತಂದು ನಿಲ್ಲಿಸುತ್ತಾನೆ.

ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದ ಜಾಗ ಹಾವಿನದು. ‘ಮೇರುಕೃತಿಗಳು ಸಾಕು’ ಎಂಬ ಪ್ರಬಂಧದಲ್ಲಿ ಬರುತ್ತದೆ. ಪುಂಗಿಯ ನಾದಕ್ಕೆ ಹಾವು ಆಡುವುದು ಆ ನಾದದ ಅರ್ಥ ತಿಳಿದು ಅಲ್ಲ. ಹಾವು ಉದ್ದಕ್ಕೆ ನೆಲದ ಮೇಲೆ ಮಲಗಿರುತ್ತದೆ. ಅದರ ಮೈ ಪೂರ್ತಿ ನೆಲಕ್ಕೆ ತಾಗಿರುತ್ತದೆ. ನಾದದ ಕಂಪನ ನೆಲದ ಮೂಲಕ ಬಂದು ಅದರ ಮೈಯನ್ನು ನೀವುತ್ತದೆ. ಪ್ರೇಕ್ಷಕರನ್ನು ನಾನು ಹಾಗೇ ನಡೆಸಿಕೊಳ್ಳುತ್ತೇನೆ, ಮೊದಲು ಮೈ, ಆಮೇಲೆ ತಿಳಿವು ಅನ್ನುತ್ತಾನೆ. ಪ್ರಾಣಿಶಾಸ್ತ್ರವಾಗಿ ಇದು ಎಷ್ಟು ಸರಿ ಎಂಬುದು ಬೇರೆ ವಿಷಯ. ಹಾವು ಪುಂಗಿಯ ಓಲಾಟವನ್ನು ನೋಡುತ್ತಾ ಆಡುತ್ತದೆ ಅಂತಲೂ ತಿಳಿದವರು ಹೇಳುತ್ತಾರೆ. ಆದರೆ ರಂಗಭೂಮಿಯ ಬಗ್ಗೆ ಇದು ಎಷ್ಟು ಖಚಿತ ನೋಡಿ! ಚೆಂಡೆಯ ಮೊದಲ ಪೆಟ್ಟು ಎದೆಗೂಡಿಗೆ ತಾಗುವುದು ಕತೆ ಅರ್ಥವಾಗುವ ಮೊದಲೇ ಅಲ್ವಾ? ಅವನು ಹಿಡಿದದ್ದು ಆ ಗಳಿಗೆಯನ್ನು.

ಅದೇ ಪ್ರಬಂಧದಲ್ಲಿ ಅವನು ಹಳೆಯ ಗ್ರೀಕ್ ನಾಟಕ ಈಡಿಪಸ್ ಅನ್ನು ಎತ್ತಿಕೊಳ್ಳುತ್ತಾನೆ. ಅದರಲ್ಲಿ ಪ್ಲೇಗಿದೆ, ವಿಧಿಯಿದೆ, ಬೆಚ್ಚಿಬೀಳಿಸುವ ಎಲ್ಲವೂ ಇದೆ. ಆದರೆ ಅದರ ಮಾತೂ ಉಡುಪೂ ಇವತ್ತಿನ ಜನರಿಂದ ದೂರ ಆಗಿವೆ. ಜನಕ್ಕೆ ರುಚಿ ಇಲ್ಲ ಅಂತ ಬಯ್ಯಬೇಡಿ, ನೀವು ಅವರಿಗೆ ತಾಗುವ ಹಾಗೆ ಹೇಳುತ್ತಿಲ್ಲ ಅನ್ನುತ್ತಾನೆ. ಆರ್ತೊ ಅಂದರೆ ಮೇಲುವರ್ಗದ, ಅರ್ಥವಾಗದ ಕಲೆಯವನು ಅಂತ ತಿಳಿದವರು ಈ ಏಳೆಂಟು ಪುಟ ಓದಬೇಕು. ಅವನು ಸಾಮಾನ್ಯ ಜನರ ಪರ ನಿಂತು ಮಾತಾಡುತ್ತಾನೆ.

ಅವನಿಗೆ ಈ ರಂಗಭೂಮಿಯ ಕಲ್ಪನೆ ಬಂದದ್ದು ಎಲ್ಲಿಂದ? ಎರಡು ನೋಟಗಳಿಂದ. ಎರಡೂ 1931ಕ್ಕೆ ಸೇರಿದ್ದು.

ಒಂದು ಲೂವ್ರ್ ಸಂಗ್ರಹಾಲಯದ ಚಿತ್ರ. ಲೋಟ್ ಮತ್ತು ಅವನ ಹೆಣ್ಣುಮಕ್ಕಳ ಬೈಬಲ್ ಕತೆ. ಆಗ ಅದನ್ನು ಲುಕಾಸ್ ವಾನ್ ಲೈಡನ್ ಬರೆದದ್ದು ಅಂತ ಹೇಳುತ್ತಿದ್ದರು. ಮುಂದೆ ಒಂದು ಗುಡಾರ, ಮುದುಕ ಅಪ್ಪ, ಮಕ್ಕಳು. ಹಿಂದೆ ಆಕಾಶದಿಂದ ಬೆಂಕಿ ಸುರಿಯುತ್ತಿದೆ, ಊರು ಕುಸಿಯುತ್ತಿದೆ, ಹಡಗುಗಳು ಒಡೆಯುತ್ತಿವೆ. ಕತೆ ಗೊತ್ತಾಗುವ ಮೊದಲೇ ಏನೋ ಭಯಂಕರ ನಡೆಯುತ್ತಿದೆ ಅಂತ ದೂರದಿಂದಲೇ ಕಣ್ಣಿಗೆ ಬಡಿಯುತ್ತದೆ. ರಂಗಭೂಮಿ ಹೀಗಿರಬೇಕಿತ್ತು ಅನ್ನುತ್ತಾನೆ. ಅವನ ಪ್ರಶ್ನೆ ಸರಳ: ಮಾತಿನಲ್ಲಿ ಹೇಳಲಾಗದ್ದು ಯಾವುದು ಇದೆಯೋ, ರಂಗದ ಮೇಲೆ ಮಾತ್ರ ಆಗುವುದು ಯಾವುದೋ, ಅದನ್ನೇ ನಾವು ಯಾಕೆ ಹಿಂದಕ್ಕೆ ತಳ್ಳಿದ್ದೇವೆ?

ಇನ್ನೊಂದು ಬಾಲಿ ದ್ವೀಪದ ಕುಣಿತ. ಆ ವರ್ಷ ಪ್ಯಾರಿಸ್ಸಿನ ವಸಾಹತು ಪ್ರದರ್ಶನದಲ್ಲಿ, ಡಚ್ಚರ ಮಂಟಪದಲ್ಲಿ, ಬಾಲಿಯಿಂದ ಬಂದ ತಂಡ ಕುಣಿಯಿತು. ಆರ್ತೊ ನೋಡಿ ಬೆರಗಾದ. ಕಣ್ಣಿನ ಗುಡ್ಡೆ ತಿರುಗುವ ರೀತಿ, ಬೆರಳಿನ ಕೋನ, ಪಾದ ಊರುವ ಲೆಕ್ಕ, ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ಆದರೂ ಜೀವಂತ. ನಟರು ಚಿತ್ರಲಿಪಿಯ ಅಕ್ಷರಗಳಂತೆ ಕಂಡರು. ಇಲ್ಲಿ ನಾಟಕಕಾರನಿಲ್ಲ, ಮಾತಿಲ್ಲ, ರಂಗವೇ ಭಾಷೆ ಅಂತ ಬರೆದ. ನಿಷ್ಠುರದ ಬಿಗಿ ಅಂದರೆ ಏನು ಎಂಬುದಕ್ಕೆ ಅವನಿಗೆ ಕಣ್ಣಮುಂದೆ ಸಾಕ್ಷಿ ಸಿಕ್ಕಿತ್ತು. ಬಾಲಿಯ ಬಗೆಗಿನ ಆ ಪ್ರಬಂಧ ಇಡೀ ಪುಸ್ತಕದಲ್ಲೇ ಅತಿ ಸುಂದರ ಗದ್ಯ.

ಅತಿ ದೊಡ್ಡ ತಪ್ಪುಗಳಿರುವುದೂ ಅದರಲ್ಲೇ. ಅಲ್ಲಿ ನೋಡಿದ್ದೆಲ್ಲ ಕಾಲವಿಲ್ಲದ, ಪುರಾತನ, ಪವಿತ್ರ ಅಂತ ಅವನು ತಿಳಿದ. ಆದರೆ ಆ ಕಾರ್ಯಕ್ರಮದಲ್ಲಿದ್ದ ಕೆಬ್ಯಾರ್ ಎಂಬ ಸಂಗೀತ, ಕುಣಿತದ ಶೈಲಿ ಬಾಲಿಯಲ್ಲಿ ಹುಟ್ಟಿ ಆಗ ಇಪ್ಪತ್ತು ವರ್ಷ ಆಗಿದ್ದಿರಬಹುದು ಅಷ್ಟೆ. ಬಾಲಿಯವರೂ ಹೊಸದನ್ನು ಕಟ್ಟುತ್ತಿದ್ದ ಕಲಾವಿದರೇ. ಪೌರಸ್ತ್ಯ ರಂಗಭೂಮಿಯಲ್ಲಿ ಮಾತಿಗೆ ಜಾಗವಿಲ್ಲ ಎಂಬುದೂ ಸರಿಯಲ್ಲ. ಬಾಲಿಯ ಮುಖವಾಡದ ಆಟಗಳಲ್ಲಿ, ತೊಗಲುಗೊಂಬೆ ಆಟದಲ್ಲಿ ರಾಜರು ಹಳೆಯ ಕವಿ ಭಾಷೆಯಲ್ಲಿ ಮಾತಾಡಿದರೆ, ಜೊತೆಗಿರುವ ಹಾಸ್ಯಗಾರರು ಅದನ್ನು ಜನರ ಮಾತಿಗೆ ತಂದು ಹೇಳುತ್ತಾರೆ. ಅಲ್ಲಿ ಮಾತು ಹೊಳೆಯಂತೆ ಹರಿಯುತ್ತದೆ. ಪ್ಯಾರಿಸ್ಸಿನ ಪ್ರದರ್ಶನಕ್ಕೆ ಅಂತ ಆರಿಸಿದ ಕುಣಿತದ ತುಣುಕುಗಳಲ್ಲಿ ಅದು ಕಾಣಲಿಲ್ಲ.

ಇದನ್ನು ಗುರುತಿಸಲು ಕನ್ನಡದ ಓದುಗರಿಗೆ ಕಷ್ಟವಾಗಬಾರದು. ಯಕ್ಷಗಾನದ ಒಡ್ಡೋಲಗ ಮಾತ್ರ ನೋಡಿ ಎದ್ದು ಹೋದ ಪರದೇಶದವರಿಗೆ ಅದು ಬರೀ ಬಣ್ಣ, ಹೆಜ್ಜೆ, ಚೆಂಡೆ ಅನ್ನಿಸಬಹುದು. ಆದರೆ ಮೇಳದ ಅಭಿಮಾನಿಗಳನ್ನು ಕೇಳಿದರೆ ಯಾವ ಕಲಾವಿದರು ಯಾವ ಪ್ರಸಂಗದಲ್ಲಿ ಎಂಥ ಅರ್ಥ ಹೇಳಿದರು ಎಂಬುದನ್ನೇ ಹೇಳುತ್ತಾರೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರ ಹಾಡು ಮತ್ತು ಕೂತು ಆಡುವ ಮಾತು. ಮೈಯೂ ಮಾತೂ ಒಂದನ್ನೊಂದು ಹೊರದಬ್ಬದೆ ಇರಬಲ್ಲ ರಂಗಭೂಮಿ ಇದೆ ಅಂತ ನಮಗೆ ಗೊತ್ತು. ಮಾತು ಕೈಕೊಟ್ಟ ಆರ್ತೊ ಬಾಲಿಯಲ್ಲಿ ತನಗೆ ಬೇಕಾದದ್ದನ್ನು ಕಂಡ. ಪೋಲೆಂಡಿನ ನಿರ್ದೇಶಕ ಗ್ರೊಟೊವ್ಸ್ಕಿ ಮುಂದೆ ಬರೆದದ್ದೂ ಇದೇ ಜಾಡಿನ ಮಾತು: ಬಾಲಿಯ ಕುಣಿತವನ್ನು ಆರ್ತೊ ತಪ್ಪಾಗಿ ಓದಿದ, ಆದರೆ ಆ ತಪ್ಪು ಓದಿನಿಂದ ದೊಡ್ಡದೊಂದು ಹುಟ್ಟಿತು.

ನಿಜ ಹೇಳಬೇಕಂದರೆ ಆರ್ತೊ ರಂಗದಿಂದ ಮಾತನ್ನು ಪೂರ್ತಿ ಓಡಿಸಿರಲಿಲ್ಲ. ಪ್ರಣಾಳಿಕೆ ಓದಿ ನೋಡಿ. ಕನಸಿನಲ್ಲಿ ಮಾತಿಗೆ ಎಷ್ಟು ತೂಕವೋ ರಂಗದ ಮೇಲೂ ಅಷ್ಟು ತೂಕ ಇರಲಿ ಅನ್ನುತ್ತಾನೆ. ಮಂತ್ರದ ಹಾಗೆ, ಸದ್ದಿನ ಬಲಕ್ಕಾಗಿ ಮಾತು ಬರಲಿ. ಮಿಕ್ಕ ವಿವರಗಳು ಕಣ್ಣು ಅರಳಿಸುವಂಥವು. ವೇದಿಕೆ ಬೇಡ, ಅಂಕಪರದೆ ಬೇಡ. ಕೊಟ್ಟಿಗೆಯಂಥ ಒಂದು ದೊಡ್ಡ ಜಾಗ. ಪ್ರೇಕ್ಷಕರು ನಡುವೆ, ತಿರುಗುವ ಕುರ್ಚಿಗಳ ಮೇಲೆ. ಆಟ ಅವರ ಸುತ್ತಲೂ. ಬಿರುಗಾಳಿಯಲ್ಲಿ ಸಿಕ್ಕ ಲಿಯರ್ ದೊರೆಯ ಗಡ್ಡಕ್ಕೆ ಹತ್ತು ಮೀಟರ್ ಎತ್ತರದ ಬೊಂಬೆ. ಯಾರೂ ಕೇಳಿರದ ಸದ್ದಿನ ಹೊಸ ವಾದ್ಯಗಳು. ಇಷ್ಟೆಲ್ಲ ಹುಚ್ಚು ಹೊಳೆಯ ನಡುವೆ ಅವನು ಹಟ ಹಿಡಿದು ಹೇಳುವುದು ಒಂದೇ: ಪ್ರತಿ ಚಲನೆಯೂ ಸಂಗೀತದ ಸ್ವರಲಿಪಿಯಂತೆ ಬರೆದಿಡುವಷ್ಟು ಖಚಿತ ಇರಬೇಕು. ಮನಸ್ಸಿಗೆ ಬಂದ ಹಾಗೆ ಆಡುವುದಕ್ಕೆ ಇಲ್ಲಿ ಜಾಗವಿಲ್ಲ. ಆರ್ತೊನ ಹೆಸರಿನಲ್ಲಿ ನಡೆಯುವ ಕಿರುಚಾಟಗಳನ್ನು ನೋಡಿದಾಗಲೆಲ್ಲ ನನಗೆ ಈ ಪುಟ ನೆನಪಾಗುತ್ತದೆ.

ಇದನ್ನು ಅವನು ಮಾಡಿ ತೋರಿಸಿದನೇ? ಒಂದೇ ಒಂದು ಸಲ, ಅರ್ಧಂಬರ್ಧ. 1935ರ ಮೇ ತಿಂಗಳಲ್ಲಿ ‘ಚೆಂಚಿಗಳು’ ನಾಟಕ ಆಡಿಸಿದ. ಹದಿನಾರನೇ ಶತಮಾನದ ರೋಮಿನ ಕತೆ: ಮಗಳನ್ನೇ ಕೆಡಿಸುವ ಅಪ್ಪ, ಅವನನ್ನು ಕೊಲ್ಲಿಸಿ ಮರಣದಂಡನೆಗೆ ಗುರಿಯಾಗುವ ಮಗಳು ಬೆಯಾತ್ರಿಚೆ. ರಂಗಸಜ್ಜಿಕೆ ಚಿತ್ರಕಾರ ಬಾಲ್ತುಸ್‌ನದು. ಅಮಿಯೆನ್ಸ್ ಚರ್ಚಿನ ದೊಡ್ಡ ಗಂಟೆಯ ಸದ್ದನ್ನು ಧ್ವನಿಮುದ್ರಿಸಿ, ಸಭಾಂಗಣದ ನಾಲ್ಕೂ ಮೂಲೆಯ ಧ್ವನಿವರ್ಧಕಗಳಿಂದ ಬಿಟ್ಟ. ಪ್ರೇಕ್ಷಕರು ಗಂಟೆಯ ಒಳಗೇ ಕೂತ ಹಾಗೆ ಆಗಬೇಕಿತ್ತು. ಸುತ್ತಲೂ ಸದ್ದು ಬರುವ ಸಿನಿಮಾ ಮಂದಿರಗಳ ಕಾಲಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು! ಸಿಕ್ಕಿದ ಜಾಗ ಸಂಗೀತ ತಮಾಷೆಗಳ ಒಂದು ಸಭಾಂಗಣ, ದುಡ್ಡಿಗೆ ಪರದಾಟ, ಪತ್ರಿಕೆಗಳ ಟೀಕೆ. 17 ಪ್ರದರ್ಶನಕ್ಕೆ ನಿಂತಿತು. ಆಮೇಲೆ ಅವನು ಮತ್ತೆ ನಾಟಕ ಆಡಿಸಲಿಲ್ಲ.

ನಟರು ಈ ಪುಸ್ತಕದಲ್ಲಿ ಒಂದೇ ಪ್ರಬಂಧ ಓದುವುದಾದರೆ ‘ಭಾವದ ಅಂಗಸಾಧನೆ’ಯನ್ನು ಓದಲಿ. ನಟ ಅಂದರೆ ಹೃದಯದ ಕುಸ್ತಿಪಟು ಅನ್ನುತ್ತಾನೆ ಆರ್ತೊ. ಪೈಲ್ವಾನನಿಗೆ ಮಾಂಸಖಂಡ ಇರುವ ಹಾಗೆ ನಟನಿಗೆ ಭಾವದ ಖಂಡಗಳಿವೆ. ಅವುಗಳನ್ನು ಎಬ್ಬಿಸುವುದು ಉಸಿರು. ಪ್ರತಿ ಭಾವಕ್ಕೂ ಅದರದೇ ಉಸಿರಿದೆ. ಭಾವ ಬಂದ ಮೇಲೆ ಉಸಿರು ಬದಲಾಗಲಿ ಅಂತ ಕಾಯಬೇಕಿಲ್ಲ, ಉಸಿರನ್ನು ಹಿಡಿದರೆ ಭಾವ ಹಿಂದೆಯೇ ಬರುತ್ತದೆ. ಇದನ್ನು ವಿವರಿಸಲು ಅವನು ಯಹೂದಿಗಳ ಗೂಢವಿದ್ಯೆಯಾದ ಕಬ್ಬಾಲಾದಿಂದ ಗಂಡು, ಹೆಣ್ಣು, ನಪುಂಸಕ ಎಂಬ ಲೆಕ್ಕಗಳನ್ನು ತರುತ್ತಾನೆ. ಅದು ತಲೆಗೆ ಹತ್ತದಿದ್ದರೆ ಮೊದಲ ಓದಿನಲ್ಲಿ ಬಿಟ್ಟುಬಿಡಿ, ಏನೂ ನಷ್ಟವಿಲ್ಲ. ಅವನ ಮಾತಿನ ತಿರುಳು ನಮ್ಮ ಭಾಷೆಯಲ್ಲೇ ಇದೆ. ನಿಟ್ಟುಸಿರು, ಬಿಸಿಯುಸಿರು, ಏದುಸಿರು. ‘ಉಸಿರೆತ್ತಬೇಡ’ ಅಂತ ಹೆದರಿಸುತ್ತೇವೆ, ‘ಈಗ ಉಸಿರು ಬಂತು’ ಅಂತ ಸಮಾಧಾನ ಪಡುತ್ತೇವೆ.

ಒಂದು ತಾಲೀಮಿನಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಮಗುವನ್ನು ಕಳೆದುಕೊಂಡ ತಾಯಿಯ ದೃಶ್ಯ. ಆ ಪಾತ್ರ ಮಾಡುತ್ತಿದ್ದ ಹುಡುಗಿಗೆ ಅಳು ಬರುತ್ತಿರಲಿಲ್ಲ, ಬಂದರೂ ಸುಳ್ಳಾಗಿ ಕೇಳುತ್ತಿತ್ತು. ದುಃಖದ ಯೋಚನೆ ಬಿಡು, ಬಿಕ್ಕುವವರ ಉಸಿರನ್ನಷ್ಟೇ ಮಾಡು ಅಂದೆವು. ಒಳಕ್ಕೆ ಮೂರು ತುಂಡು, ಒಂದು ತಡೆ, ಆಮೇಲೆ ಉದ್ದಕ್ಕೆ ಹೊರಗೆ. ನಾಲ್ಕೈದು ಸಲ ಮಾಡುವಷ್ಟರಲ್ಲಿ ಅವಳ ಗಲ್ಲ ನಡುಗಿತು. ಮಾತು ಹೇಳಿದಾಗ ಕೋಣೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಆರ್ತೊ ಕೈಗೆಟುಕದ ಕನಸುಗಾರ ಅನ್ನುವವರ ಮಾತಿಗೆ ಅಂದಿನಿಂದ ನಾನು ತಲೆದೂಗಿಲ್ಲ.

ಪುಸ್ತಕ ಅಚ್ಚಾಗಿ ಬಂದಾಗ ಆರ್ತೊ ಹುಚ್ಚಾಸ್ಪತ್ರೆಯಲ್ಲಿದ್ದ. 1937ರಲ್ಲಿ ಐರ್ಲೆಂಡಿನಿಂದ ಅವನನ್ನು ವಾಪಸ್ ಕಳಿಸಿದ್ದರು, ಬಂದವನನ್ನು ನೇರ ಒಳಗೆ ಹಾಕಿದರು. ಒಂದರಿಂದ ಇನ್ನೊಂದಕ್ಕೆ ಅಂತ ಒಂಬತ್ತು ವರ್ಷ. ರೊದೆಸ್ ಎಂಬ ಊರಿನಲ್ಲಿ ಸುಮಾರು ಐವತ್ತು ಸಲ ವಿದ್ಯುತ್ ಆಘಾತದ ಚಿಕಿತ್ಸೆ ಕೊಟ್ಟರು. ನಿಲ್ಲಿಸಿ ಅಂತ ಅವನು ಅಂಗಲಾಚಿ ಬರೆದ ಕಾಗದಗಳಿವೆ. ಇವನ್ನು ಓದುವಾಗ ಒಂದು ಎಚ್ಚರ ಬೇಕು. ಹುಚ್ಚಿನಿಂದಲೇ ಪ್ರತಿಭೆ ಬಂತು ಎಂಬ ಕತೆ ಕೇಳಲು ಚೆಂದ. ಆದರೆ ರಿವಿಯೇರ್‌ಗೆ ಬರೆದ ಕಾಗದದಿಂದ ಹಿಡಿದು ಕೊನೆಯವರೆಗೂ ಆ ಮನುಷ್ಯ ತನ್ನ ಕಾಯಿಲೆಯನ್ನು ಹೊಗಳಿಕೊಂಡಿಲ್ಲ. ಅದರ ವಿರುದ್ಧ ಬರೆದ. ಅವನ ಬರಹದ ಬಿಗಿ ಆ ಹೋರಾಟದ್ದು.

1946ರಲ್ಲಿ ಗೆಳೆಯರು ಅವನನ್ನು ಹೊರಗೆ ಕರೆತಂದರು. ಉಳಿದದ್ದು ಎರಡು ವರ್ಷಕ್ಕೂ ಕಡಿಮೆ. ಆ ಹೊತ್ತಿನಲ್ಲೇ ವಾನ್ ಗಾಗ್ ಬಗ್ಗೆ ಒಂದು ಪುಸ್ತಕ ಬರೆದ, ರಾಶಿ ರಾಶಿ ನೋಟ್‌ಬುಕ್ಕು ತುಂಬಿಸಿದ. ಅವನು ಸತ್ತ ಮೇಲೆ ಪಾಲ್ ತೆವೆನ್ಯಾನ್ ಎಂಬ ಗೆಳತಿ ದಶಕಗಟ್ಟಲೆ ಕೂತು ಅವನ್ನೆಲ್ಲ ಸಂಪಾದಿಸಿದಳು. ಸಮಗ್ರ ಕೃತಿಗಳು 26 ಸಂಪುಟ ಆದವು. ಇಂಗ್ಲಿಷಿನಲ್ಲಿ ಓದುವವರಿಗೆ ಮೇರಿ ಕ್ಯಾರೊಲೈನ್ ರಿಚರ್ಡ್ಸ್ ಮಾಡಿದ 1958ರ ಅನುವಾದ ಇದೆ. ಅಮೆರಿಕದ, ಇಂಗ್ಲೆಂಡಿನ ರಂಗಕರ್ಮಿಗಳಿಗೆ ಆರ್ತೊ ಸಿಕ್ಕಿದ್ದು ಅದರಿಂದಲೇ. 1964ರಲ್ಲಿ ನಿರ್ದೇಶಕ ಪೀಟರ್ ಬ್ರೂಕ್ ಲಂಡನ್ನಿನಲ್ಲಿ ಕ್ರೌರ್ಯದ ರಂಗಭೂಮಿ ಎಂಬ ಹೆಸರಿನಲ್ಲೇ ಪ್ರಯೋಗಗಳನ್ನು ಮಾಡಿದ. ಸೂಸನ್ ಸೊಂಟಾಗ್ ಸಂಪಾದಿಸಿದ 1976ರ ಆಯ್ದ ಬರಹಗಳ ಸಂಪುಟದಲ್ಲಿ ರಿವಿಯೇರ್‌ ಕಾಗದಗಳೂ ಇವೆ, ಕೊನೆಯ ಬರಹಗಳೂ ಇವೆ. ಒಂದೇ ಪುಸ್ತಕ ಕೊಳ್ಳುವುದಾದರೆ ನಾನು ಅದನ್ನೇ ಹೇಳುತ್ತೇನೆ.

ಓದಿದ ಮೇಲೆ ಕೇಳಬೇಕಾದ್ದು ಒಂದಿದೆ. 1947ರ ನವೆಂಬರ್‌ನಲ್ಲಿ ಫ್ರೆಂಚ್ ರೇಡಿಯೊ ಆರ್ತೊನಿಂದ ಒಂದು ಕಾರ್ಯಕ್ರಮ ಮಾಡಿಸಿತು. ಹೆಸರು ‘ದೇವರ ತೀರ್ಪಿಗೆ ಮಂಗಳ ಹಾಡಲು’. 1948ರ ಫೆಬ್ರವರಿ 2ಕ್ಕೆ ಪ್ರಸಾರ ಆಗಬೇಕಿತ್ತು. ಹಿಂದಿನ ದಿನ ರೇಡಿಯೊದ ನಿರ್ದೇಶಕರು ತಡೆದರು. ಕೊಕ್ತೊ, ಎಲುವಾರ್‌ರಂಥ ಬರಹಗಾರರನ್ನೆಲ್ಲ ಕರೆಸಿ ಕೇಳಿಸಿದ ಮೇಲೆ, ಅವರು ಪ್ರಸಾರ ಆಗಲಿ ಅಂದ ಮೇಲೂ ತಡೆ ತೆರವಾಗಲಿಲ್ಲ. ಮಾರ್ಚ್ 4ರಂದು ಆರ್ತೊ ತೀರಿಕೊಂಡ. ಆ ಧ್ವನಿಮುದ್ರಣ ಈಗ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ.

ಫ್ರೆಂಚ್ ಬರದಿದ್ದರೂ ಕೇಳಿ. ಐವತ್ತೊಂದು ವರ್ಷದ, ಹಲ್ಲು ಉದುರಿದ ಮನುಷ್ಯನ ದನಿ. ಕೀರಲು, ಗೊಗ್ಗರು, ಮತ್ತೆ ಇದ್ದಕ್ಕಿದ್ದಂತೆ ತಣ್ಣಗೆ. ನಡುನಡುವೆ ಯಾವ ಭಾಷೆಗೂ ಸೇರದ ಅಕ್ಷರಗಳನ್ನು ಡೋಲಿನ ಪೆಟ್ಟಿನಂತೆ ಎಣಿಸಿ ಹೇಳುತ್ತಾನೆ. ಆಮೇಲೆ ಒಂದು ಕೂಗು. ಕೇಳಿದವರಿಗೆ ಅದು ಹತೋಟಿ ತಪ್ಪಿ ಬಂದದ್ದು ಅನ್ನಿಸಬಹುದು. ಆದರೆ ಕಾರ್ಯಕ್ರಮದ ಭಾಗಗಳನ್ನು ಆರ್ತೊ ತನ್ನ ಕೈಯಾರೆ ಪಟ್ಟಿ ಮಾಡಿಟ್ಟಿದ್ದಾನೆ: ಈ ಪಠ್ಯ, ಈ ಸದ್ದು, ಇದನ್ನು ಇಂಥವರು ಓದುವುದು. ಕೊನೆಯ ಪಠ್ಯಕ್ಕೆ ಸ್ವಲ್ಪ ಮೊದಲು, ಬೇರೆ ಬಾಬುಗಳ ಹಾಗೆಯೇ ಆ ಕೂಗಿಗೂ ಒಂದು ಸಾಲು ಇದೆ: ಸದ್ದುಗಳು, ಮೆಟ್ಟಿಲ ಮೇಲೆ ನನ್ನ ಕೂಗು.